ಮಾಳಿಗೆಯ ಮೇಲಿನ ಸವಳು

ಜೂನ್ ಒಂಬತ್ತು, ಸೋಮವಾರ. ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಬರೆಯಲು ಕುಳಿತೆ.

ಹೋದ ತಿಂಗಳ ಒಂದು ಶನಿವಾರ, ನಾನು ಕೆಲಸ ಮಾಡುವ ರಾಯಚೂರಿನ ಮಣ್ಣು ಪರೀಕ್ಷಾ ಕೇಂದ್ರಕ್ಕೆ ಮಾನ್ವಿ ಕಡೆಯ ರೈತರೊಬ್ಬರು ತಮ್ಮ ಗದ್ದೆಯ ಮಣ್ಣು ತಂದರು. ನನ್ನ ಲೆಕ್ಕದಲ್ಲಿ ಈ ವರ್ಷದ ನೂರಾ ಹದಿನಾಲ್ಕನೆಯ ಚೀಲ. ಮೇಲೆ ಬೂದಿ ಉದುರಿಸಿದಂತೆ ಬಿಳುಪು. ನೀರು ಹಚ್ಚಿ ತಿಕ್ಕಿದರೆ ಸೋಪಿನಂತೆ ಜಾರಿತು.

"ಕಾಲುವಿ ನೀರು ಬಂತಂತ ಖುಷಿಪಟ್ವಿ ಮೇಡಮ್. ಈಗ ಹೊಲ ಸವಳಾಗ್ಯದ. ಈ ಮಣ್ಣು ಯಾತಕ್ಕೂ ಬರಂಗಿಲ್ಲ," ಎಂದರು.

ಸವಳು ಎಂದರೆ ಉಪ್ಪೇರಿದ ಚೌಳು ಮಣ್ಣು. ಯಾತಕ್ಕೂ ಬಾರದು ಎಂದದ್ದಕ್ಕೆ ನನಗೆ ನಗು ಬಂದುಬಿಟ್ಟಿತು. ಅವರ ಮುಖ ಸಣ್ಣದಾಯಿತು. ಆ ನಗುವಿಗೆ ಕಾರಣ ನನ್ನ ದೊಡ್ಡವ್ವ.

ದೊಡ್ಡವ್ವ ಎಂದರೆ ನಮ್ಮ ತಾಯಿಯ ಅಕ್ಕ. ದೇವದುರ್ಗದ ಹತ್ತಿರದ ಹಳ್ಳಿಯವಳು. ಮಳೆಗಾಲಕ್ಕೆ ಮುಂಚೆ ಊರಿನ ಮಾಳಿಗೆಗಳಿಗೆಲ್ಲ ಸವಳು ಮಣ್ಣು ಹಾಕುವುದು ಅವಳ ಕೆಲಸ. ನಮ್ಮ ಕಡೆಯ ಮನೆಗಳ ಚಾವಣಿ ನಿಮಗೆ ಗೊತ್ತಲ್ಲ? ತೊಲೆಯ ಮೇಲೆ ಕಟ್ಟಿಗೆ, ಅದರ ಮೇಲೆ ಮಣ್ಣು. ಅದೇ ಮಾಳಿಗೆ. ನಾನು ಬಿ.ಎಸ್ಸಿ. ಎರಡನೆಯ ವರ್ಷದಲ್ಲಿದ್ದ ಬೇಸಿಗೆಯಲ್ಲಿ ಅವಳು ಹದಿನಾಲ್ಕು ಮಾಳಿಗೆ ಮುಗಿಸಿದ್ದಳು. ಹದಿನೈದನೆಯದು ಅವಳದೇ. ಅದರ ಕೆಳಗೆ ಬಿತ್ತನೆಗೆಂದು ಇಟ್ಟ ಎರಡು ಚೀಲ ತೊಗರಿ.

ಅಷ್ಟರಲ್ಲಿ ನಾನು ಬಾಯಿ ಹಾಕಿದೆ. ಕಪ್ಪು ಎರೆಮಣ್ಣಿನ ಕಣ ಬಲು ಸಣ್ಣದು, ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂದು ಆಗಷ್ಟೇ ಓದಿದ್ದೆ. ಹುಲ್ಲೂ ಹುಟ್ಟದ ಸವಳನ್ನು ಮನೆಯ ನೆತ್ತಿಗೆ ಹಾಕುವುದೆಂದರೇನು? ಎರೆ ಹಾಕಿ ಎಂದೆ.

"ಕಾಲೇಜು ಕಲ್ತಾಕಿ ಹೇಳಾಕತ್ತಾಳ, ಕೇಳ್ಬೇಕು," ಎಂದು ದೊಡ್ಡಪ್ಪ ಹದಿನೆಂಟು ಬುಟ್ಟಿ ಎರೆ ಹೊತ್ತು ಮಾಳಿಗೆಗೆ ಏರಿಸಿಯೇಬಿಟ್ಟರು.

ದೊಡ್ಡವ್ವ ಸೊಂಟಕ್ಕೆ ಕೈಯಿಟ್ಟು ನಿಂತಳು. "ಊರ ಮಾಳಗಿ ಎಲ್ಲಾ ನನ್ನ ಕೈಯಾಗ ಅದಾವ. ನನ್ನ ಮನಿ ಮಾಳಗಿ ಒಂದು ನಿನ್ನ ಪುಸ್ತಕದಾಗ ಅದೇನು ಬೇ?"

ಈಗ ನೆನೆದರೆ ನಾಚಿಕೆಯಾಗುತ್ತದೆ. ಎರೆ ಹಾಕಿದ ಮಾಳಿಗೆ ಸೋರಿದರೆ ಬಿತ್ತನೆಯ ಬೀಜ ಹಾಳು. ಸೋರದಿದ್ದರೆ ಇನ್ನು ಊರಿನಲ್ಲಿ ಅವಳ ಮಾತಿಗೆ ಬೆಲೆಯಿಲ್ಲ. ಅವಳೇ ದಾರಿ ಹುಡುಕಿದಳು. ಎರಡು ಎಣ್ಣೆ ಡಬ್ಬಿಗಳ ತಳಕ್ಕೆ ಮೊಳೆಯಿಂದ ತೂತು ಹೊಡೆದು, ಒಂದಕ್ಕೆ ಎರೆ, ಇನ್ನೊಂದಕ್ಕೆ ಸವಳು ಕಲಸಿ ತುಂಬಿದಳು. ಆರು ದಿನ ಬಿಸಿಲಿಗಿಟ್ಟಳು. ಏಳನೆಯ ದಿನ ಬೆಳಿಗ್ಗೆ ಒಂದೊಂದು ಚೊಂಬು ನೀರು ಸುರಿದು ನನ್ನತ್ತ ತಿರುಗಿದಳು. "ಎಣಸು ಬೇ. ಬರಿಯಾಕಿ ನೀನೇ ಅಲ್ಲ?"

ಎರೆ ಬೆರಳು ಹೋಗುವಷ್ಟು ಬಿರಿದಿತ್ತು. ನಲವತ್ಮೂರು ಹನಿಯವರೆಗೆ ಎಣಿಸಿದೆ. ಆಮೇಲೆ ಹನಿ ಧಾರೆಯಾಯಿತು, ಎಣಿಕೆ ನಿಂತಿತು. ಸವಳಿನ ಡಬ್ಬಿಯಲ್ಲಿ ಮೇಲ್ಪದರ ಬೆಣ್ಣೆಯಂತೆ ಮೆತ್ತಗಾಗಿ ನೀರು ನಿಂತೇ ಇತ್ತು. ಮಧ್ಯಾಹ್ನದವರೆಗೂ ಕಾದೆ.

"ಎಷ್ಟಾತು?"

"ಒಂದೂ ಇಲ್ಲ ದೊಡ್ಡವ್ವಾ."

"ಹಂಗಾದ್ರ ಸೊನ್ನಿ ಬರಿ. ದೊಡ್ಡದು ಬರಿ, ನಿಮ್ಮ ದೊಡ್ಡಪ್ಪಗೂ ಕಾಣ್ಲಿ!"

"ನನಗ ಮೊದಲೇ ಗೊತ್ತಿತ್ತು," ಎಂದರು ದೊಡ್ಡಪ್ಪ.

"ಗೊತ್ತಿದ್ದವ್ರು ಹದಿನೆಂಟು ಬುಟ್ಟಿ ಹೊತ್ರೇನು? ಇಳಸ್ರಿ ಈಗ, ಹದಿನೆಂಟೂ!"

ಎರೆ ಇಳಿಯಿತು, ಸವಳು ಏರಿತು. ಮೊದಲ ಮಳೆ ಎರಡು ತಾಸು ಹೊಡೆಯಿತು. ನಾನು ತೊಗರಿ ಚೀಲಗಳ ಮೇಲೆ ಅಂಗೈ ಇಟ್ಟುಕೊಂಡೇ ಕುಳಿತಿದ್ದೆ. ಕೈ ಒಣಗೇ ಇತ್ತು. ಅಂಗಳದಲ್ಲಿ ದೊಡ್ಡವ್ವ ತಲೆಗೆ ಗೋಣಿಚೀಲ ಹೊದ್ದು, ಮಾಳಿಗೆಯ ಅಂಚಿನ ದೋಣಿಕೊಳವೆಯಿಂದ ಬೀಳುವ ನೀರನ್ನು ನೋಡಿ ಒಬ್ಬಳೇ ನಗುತ್ತಿದ್ದಳು.

ಇದರ ಕಾರಣ ತಿಳಿಯಲು ನನಗೆ ಇನ್ನೂ ಎರಡು ವರ್ಷ ಬೇಕಾಯಿತು. ಬಂಡೆ ಎಲ್ಲ ಕಡೆಯೂ ಬಿಸಿಲಿಗೆ ಬಿರಿಯುತ್ತದೆ, ನೀರಿಗೆ ಕರಗುತ್ತದೆ. ಕೊನೆಗೆ ಉಳಿಯುವುದೇನು ಎನ್ನುವುದನ್ನು ಮಾತ್ರ ಮಳೆ ತೀರ್ಮಾನಿಸುತ್ತದೆ. ಕರಾವಳಿಯಲ್ಲಿ ತಿಂಗಳುಗಟ್ಟಲೆ ಸುರಿದು ಉಪ್ಪನ್ನೆಲ್ಲ ಸಮುದ್ರಕ್ಕೆ ಒಯ್ಯುತ್ತದೆ. ಕಬ್ಬಿಣದ ತುಕ್ಕಿನ ಕೆಂಪು ಉಳಿಯುತ್ತದೆ. ನಮ್ಮ ಮಳೆ ಉಪ್ಪನ್ನು ಕರಗಿಸುವಷ್ಟಿದೆ, ಊರು ಬಿಡಿಸುವಷ್ಟಿಲ್ಲ. ಹಾಗಾಗಿ ಒಂದೇ ಕಲ್ಲಿನ ನಾಡಿನಲ್ಲಿ ದಿಬ್ಬದ ಮೇಲೆ ಕೆಂಪು ಮಸಾರಿ, ಕೆಳಗೆ ಕಪ್ಪು ಎರೆ, ನೀರು ನಿಂತು ಆರುವ ತಗ್ಗಿನಲ್ಲಿ ಸವಳು. ಅದರಲ್ಲಿರುವ ಸೋಡಿಯಂ ಜೇಡಿಯ ಕಣಗಳನ್ನು ಬಿಡಿಬಿಡಿಯಾಗಿಸುತ್ತದೆ. ಅವು ಸಂದುಗಳಲ್ಲಿ ಕೂತು ನೀರಿನ ದಾರಿ ಮುಚ್ಚುತ್ತವೆ. ಭತ್ತದ ಬೇರನ್ನು ಉಸಿರುಗಟ್ಟಿಸುವ ಗುಣವೇ ಮನೆಯನ್ನು ಕಾಯುತ್ತದೆ.

ಇದನ್ನೆಲ್ಲ ಆ ರೈತರಿಗೆ ಹೇಳಿದೆ. ಪರೀಕ್ಷೆ ಮುಗಿಯಲಿ, ಜಿಪ್ಸಂ ಎಷ್ಟು ಬೇಕೆಂದು ತಿಳಿಯುತ್ತದೆ, ಜೊತೆಗೆ ಬಸಿಗಾಲುವೆ ತೆಗೆಯಬೇಕು ಎಂದೆ.

"ಹಂಗಾದ್ರ ನಮ್ಮ ಮಣ್ಣು ಸತ್ತಿಲ್ಲೇನ್ರಿ?"

"ಇಲ್ರೀ. ಜಾಗ ತಪ್ಪಿ ಕುಂತದ, ಅಷ್ಟೇ."

ಅವರು ಹೋದ ಮೇಲೆ ನಮ್ಮ ಅಧಿಕಾರಿಗಳ ಮುಂದೆ ದಾಖಲೆ ಪುಸ್ತಕ ಇಟ್ಟು, ಎರಡು ಹೊಸ ಕಾಲಂ ಕೇಳಿದೆ: ಮಣ್ಣಿಗೆ ಊರಿನಲ್ಲಿರುವ ಹೆಸರು, ಅದರ ಗುಣ ತಿಳಿಸಿದ ತಜ್ಞರು. ಒಪ್ಪಿದರು. ಮೊದಲ ಸಾಲಿನಲ್ಲಿ ಸವಳು ಎಂದು ಬರೆದು, ತಜ್ಞರ ಜಾಗದಲ್ಲಿ ದೊಡ್ಡವ್ವನ ಪೂರ್ತಿ ಹೆಸರು ಬರೆದೆ. ಫೋನಿನಲ್ಲಿ ಹೇಳಿದಾಗ ಅವಳು ಕೇಳಿದ್ದು ಒಂದೇ: "ಸರಕಾರದ ಪುಸ್ತಕದಾಗೇನು ಬೇ? ಪೆನ್ನಿನಾಗ ಬರ್ದಿ ತಾನೇ, ಅಳಸಂಗಿಲ್ಲಲ್ಲ?"

ಪೆನ್ನಿನಲ್ಲೇ ಬರೆದಿದ್ದೇನೆ. ಇಂದಿಗೆ ಹನ್ನೊಂದು ಹೆಸರುಗಳಾಗಿವೆ, ಪುಟದ ತುಂಬ ಜಾಗವಿದೆ. ನಿಮ್ಮೂರಿನ ಮಣ್ಣಿಗೆ ಏನೆನ್ನುತ್ತಾರೆ, ಅದು ಯಾವುದಕ್ಕೆ ಬರುತ್ತದೆ, ನಿಮಗೆ ಹೇಳಿಕೊಟ್ಟವರು ಯಾರು? ನನಗಿಂತ ಹೆಚ್ಚು ಬಲ್ಲವರು ದಯವಿಟ್ಟು ಬರೆದು ತಿಳಿಸಿ. ಹೇಳಿಕೊಟ್ಟವರ ಹೆಸರನ್ನು ಮಾತ್ರ ಬಿಡಬೇಡಿ.