ತಂಗಿಯ ಹೊಟ್ಟೆನೋವಿಗೆ ಪುರಾವೆ

"ಮಾವಶಿ, ಖರೆ ಹೇಳ್ರಿ. ಮುಂಜಾನೆ ಏನು ತಿಂದೀರಿ?"

ಕೇಳಿದವಳು ಸೋಲಾಪುರದ ಆಸ್ಪತ್ರೆಯೊಂದರ ಟೆಕ್ನಿಷಿಯನ್. ಕೇಳಿಸಿಕೊಂಡವಳು ನನ್ನ ತಂಗಿ ಮಹಾದೇವಿ. ಅವಳ ಕೈಯಲ್ಲಿ ಇನ್ನೂ ಪ್ಲಾಸ್ಟಿಕ್ ಕೊಳವೆ ಇತ್ತು. ಅದರೊಳಗೆ ಒಂದು ಸಲ ಊದಿದ್ದಳು, ಅಷ್ಟೇ. ಪರದೆಯ ಮೇಲೆ ಬಂದ ಅಂಕಿ ಟೆಕ್ನಿಷಿಯನ್‌ಗೆ ಹಿಡಿಸಲಿಲ್ಲ.

"ಏನೂ ತಿಂದಿಲ್ಲವ್ವ," ಅಂದಳು ಮಹಾದೇವಿ.

"ಏನೂ ತಿಂದಿಲ್ರಿ," ಅಂದ ಅವಳ ಗಂಡ ಸಿದ್ರಾಮಪ್ಪ.

"ನಾನೇ ಕಾವಲು ನಿಂತೇನಿ," ಅಂದೆ ನಾನು.

ಮೂವರೂ ಸುಳ್ಳು ಹೇಳುತ್ತಿದ್ದೆವು. ಮೂವರಿಗೂ ಅದು ಗೊತ್ತಿರಲಿಲ್ಲ.

ಈ ಅಂಕಣ ಓದುವವರಿಗೆ ನನ್ನ ಸ್ವಭಾವ ಗೊತ್ತು. ಆಳಂದದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಆಗಿದ್ದವಳು. ಗಂಟೆಗೆ ಏಳುವುದು, ಗಂಟೆಗೆ ಉಣ್ಣುವುದು, ಗಂಟೆಗೆ ದೀಪ ಆರಿಸುವುದು. ನಿವೃತ್ತಿಯಾದ ಮೇಲೆ ಗಂಟೆ ಹೋಯಿತು, ಅಭ್ಯಾಸ ಉಳಿಯಿತು. ಬದುಕಿಗೆ ಒಂದು ಶಿಸ್ತು ಇದ್ದರೆ ಅರ್ಧ ಕಾಯಿಲೆ ಹತ್ತಿರ ಬರುವುದಿಲ್ಲ ಎಂದು ನಂಬಿದವಳು ನಾನು. (ಮಿಕ್ಕರ್ಧಕ್ಕೆ ಡಾಕ್ಟರ್ ಇದ್ದಾರೆ ಎಂದೂ ನಂಬಿದ್ದೆ.)

ನನ್ನ ತಂಗಿಯ ಹೊಟ್ಟೆಗೆ ಮಾತ್ರ ಯಾವ ಶಿಸ್ತೂ ಇಲ್ಲ. ಎರಡು ತುತ್ತು ಉಂಡರೆ ಸಾಕು, ಉಬ್ಬಿ ನಗಾರಿಯಾಗುತ್ತದೆ. ಬೆಳಿಗ್ಗೆ ಕಟ್ಟಿದ ನಿರಿಗೆಯನ್ನು ಮಧ್ಯಾಹ್ನ ಸಡಿಲ ಮಾಡಬೇಕು. ಒಂದು ದಿನ ಸಾಲು ಸಾಲು ಭೇದಿ, ಆಮೇಲೆ ನಾಲ್ಕು ದಿನ ಏನೂ ಇಲ್ಲ. ಹೀಗೇ ವರ್ಷಗಳು. ಬಳೆಗಳು ಮೊಣಕೈವರೆಗೆ ಜಾರುತ್ತವೆ. ಕುಪ್ಪಸಕ್ಕೆ ಒಳಗಿನಿಂದ ಹೊಲಿಗೆ ಹಾಕಿ ಹಾಕಿ, ಇನ್ನು ಹಾಕಲು ಬಟ್ಟೆಯೇ ಉಳಿದಿಲ್ಲ.

ಬೀಗರ ಮನೆಗೆ ಹೋದರೆ ಅವಳು ಮೊದಲು ಕೇಳುವುದು ಕ್ಷೇಮವನ್ನಲ್ಲ, "ಪಾಯಖಾನಿ ಎಲ್ಲದರಿ?" ಎಂದು. ಮದುವೆಯಲ್ಲಿ ಎಲೆ ಮುಂದೆ ಕೂರುವುದಿಲ್ಲ. ಬಸ್ಸು ಹತ್ತಬೇಕಾದ ದಿನ ನೀರೂ ಕುಡಿಯುವುದಿಲ್ಲ. ನಮ್ಮ ಮಂದಿ ಸುಮ್ಮನಿರುತ್ತಾರೆಯೇ? "ಆಕಿಗಿ ದಿಮಾಕು. ನಮ್ಮನಿ ಅನ್ನ ನಡೆಯಂಗಿಲ್ಲ ಆಕಿಗಿ." ಈ ಮಾತು ಜೇವರ್ಗಿಯ ಬಂಧುಗಳಿಂದ ಹೊರಟು ಆಳಂದಕ್ಕೆ ನನ್ನ ಕಿವಿಗೇ ಬಂದು ಮುಟ್ಟಿತ್ತು.

ಡಾಕ್ಟರುಗಳಿಗೆ ತೋರಿಸಲಿಲ್ಲ ಎಂದಲ್ಲ. ಎಲ್ಲರೂ ಒಂದೇ ಹೆಸರು ಹೇಳಿದರು, ಐಬಿಎಸ್. ಕರುಳು ಸಣ್ಣಸಣ್ಣದಕ್ಕೆಲ್ಲ ಸಿಟ್ಟಿಗೇಳುತ್ತದೆ, ಚಿಂತೆ ಮಾಡಬೇಡಿ, ಮನಸ್ಸು ಹಗುರ ಇಟ್ಟುಕೊಳ್ಳಿ. ಅಷ್ಟು ಹೇಳಿ ಗ್ಯಾಸಿನ ಗುಳಿಗೆ ಬರೆದರು. ಅಫಜಲಪುರದಲ್ಲಿ ಬಿತ್ತನೆ ಬೀಜ, ಬೆಳೆ ಔಷಧಿಯ ಅಂಗಡಿ ಇಟ್ಟಿರುವ ಸಿದ್ರಾಮಪ್ಪ ಅದರಲ್ಲಿ ತನಗೆ ಬೇಕಾದಷ್ಟನ್ನು ಮಾತ್ರ ಎತ್ತಿಕೊಂಡ. "ಡಾಕ್ಟರೇ ಹೇಳ್ಯಾರ. ಆಕಿದು ಮನಸಿಂದು."

ಅವನು ಕೆಟ್ಟವನಲ್ಲ. ಕೈ ಎತ್ತಿದವನಲ್ಲ. ಆದರೆ ಹೆಂಡತಿ ಹೊಟ್ಟೆ ಹಿಡಿದುಕೊಂಡರೆ ಟಿವಿಯ ಸೌಂಡು ಏರಿಸುತ್ತಾನೆ.

ಕೊನೆಗೆ ನಾನೇ ಹಟ ಹಿಡಿದು ಸೋಲಾಪುರದ ಹೊಟ್ಟೆ ತಜ್ಞರ ಹತ್ತಿರ ಕರೆದುಕೊಂಡು ಹೋದೆ. ಅವರು ಮಾತಿಗಿಂತ ಮೊದಲು ಕಿವಿ ಕೊಟ್ಟರು. ಗ್ಯಾಸಿನ ಗುಳಿಗೆ ಎಷ್ಟು ವರ್ಷದಿಂದ, ಆಪರೇಷನ್ ಏನಾದರೂ ಆಗಿತ್ತೇ, ತೂಕ ಎಂದಿನಿಂದ ಇಳಿಯಿತು, ಎಲ್ಲ ಕೇಳಿದರು. ಆಮೇಲೆ ಹೇಳಿದರು: ದೊಡ್ಡ ಕರುಳಿನಲ್ಲಿ ಬ್ಯಾಕ್ಟೀರಿಯಾ ತುಂಬಿರುತ್ತವೆ, ಅದು ಸಹಜ. ಸಣ್ಣ ಕರುಳಿನಲ್ಲಿ ಕಡಿಮೆ ಇರಬೇಕು. ಅಲ್ಲೂ ಬೆಳೆದು ಗುಂಪಾದರೆ, ಉಂಡದ್ದು ಅಲ್ಲೇ ಹುಳಿತು ಗಾಳಿಯಾಗುತ್ತದೆ. ಆ ಗಾಳಿ ರಕ್ತಕ್ಕೆ ಸೇರಿ ಉಸಿರಿನಲ್ಲೂ ಹೊರಬರುತ್ತದೆ. ಮೇಲೆ ನೋಡಿದರೆ ಐಬಿಎಸ್ ಥರವೇ ಕಾಣುತ್ತದೆ. "ಇರಬಹುದು, ಇಲ್ಲದೆಯೂ ಇರಬಹುದು. ಉಸಿರಿನ ಪರೀಕ್ಷೆ ಮಾಡೋಣ."

ಇರಬಹುದು! ಆ ಒಂದು ಮಾತಿಗೆ ಮಹಾದೇವಿಯ ಮುಖ ನೋಡಬೇಕಿತ್ತು. ಇಷ್ಟು ವರ್ಷದಲ್ಲಿ ಅವಳ ನೋವಿಗೆ ಇರಲು ಅವಕಾಶ ಕೊಟ್ಟವರು ಅವರೊಬ್ಬರೇ.

ಸಿದ್ರಾಮಪ್ಪ ಹೊರಗೆ ಬಂದು ಚಪ್ಪಲಿ ಮೆಟ್ಟುತ್ತ ಹೇಳಿದ, "ಅಕ್ಕೋರೆ, ಇದು ಕಡೀದು. ಏನರೆ ಬಂತು ಅಂದ್ರ ಔಷಧ ಕೊಡಸ್ತೇನಿ. ಬರಲಿಲ್ಲ ಅಂದ್ರ ಇನ್ಮ್ಯಾಲ ಹೊಟ್ಟಿ ಸುದ್ದಿ ನಮ್ಮನ್ಯಾಗ ಬ್ಯಾಡ."

ಹಾಗಾಗಿ ಅವಳು ಊದಬೇಕಾಗಿದ್ದು ಬರೀ ಉಸಿರಲ್ಲ.

ಪರೀಕ್ಷೆಯ ಹಿಂದಿನ ದಿನವೇ ನಾನು ಅಫಜಲಪುರಕ್ಕೆ ಹೋಗಿ ಅವಳ ಅಡುಗೆಮನೆಯಲ್ಲಿ ಕುಳಿತೆ. ಡಾಕ್ಟರ್ ಹೇಳಿದ ಪ್ರಕಾರ ಅಂದು ಬಿಳಿ ಅನ್ನ, ಉಪ್ಪು, ಅಷ್ಟೇ. ತೊಗರಿಬೇಳೆ ಇಲ್ಲ, ಉಳ್ಳಾಗಡ್ಡಿ ಇಲ್ಲ, ಹಾಲಿಲ್ಲ, ಜೋಳದ ರೊಟ್ಟಿ ಇಲ್ಲ. ಸಂಜೆಯ ಅನ್ನವಾದ ಮೇಲೆ ನೀರು ಬಿಟ್ಟು ಬೇರೇನೂ ಇಲ್ಲ. ಬೆಳಿಗ್ಗೆ ಚಹಾ ಇಲ್ಲ. ಹಾಸ್ಟೆಲಿನಲ್ಲಿ ನೂರಾರು ಹುಡುಗಿಯರನ್ನು ಕಾದವಳಿಗೆ ಒಬ್ಬ ತಂಗಿ ಕಷ್ಟವೇ? ನಮ್ಮ ಸಿದ್ಧತೆಯಲ್ಲಿ ಒಂದು ಸಾಸಿವೆಯಷ್ಟೂ ಲೋಪವಿರಲಿಲ್ಲ. ಹಾಗಂದುಕೊಂಡಿದ್ದೆ.

ಈಗ ಟೆಕ್ನಿಷಿಯನ್ ತಲೆ ಅಲ್ಲಾಡಿಸುತ್ತಿದ್ದಳು. "ಇಲ್ರಿ. ಶುರುವಿಗೇ ಇಷ್ಟು ಬರಂಗಿಲ್ಲ. ಏನೋ ತಿಂದಾರ. ಸಕ್ಕರಿ, ಬಾಳಿಹಣ್ಣು, ಅಂಥಾದ್ದು."

ಬಾಳೆಹಣ್ಣು ಅಂದಕೂಡಲೆ ಮಹಾದೇವಿ ನನ್ನ ಕಡೆ ತಿರುಗಿದಳು. "ಅಕ್ಕ... ಪ್ರಸಾದ."

"ಪ್ರಸಾದ ತಿಂದ್ರ ತಿಂದಂಗ ಏನು?" ಅಂದ ಸಿದ್ರಾಮಪ್ಪ. ಅವನಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ. ನನಗಂತೂ ಆಗಷ್ಟೇ ಅರ್ಥವಾಗತೊಡಗಿತ್ತು.

ನಡೆದದ್ದು ಇಷ್ಟು. ಬೆಳಿಗ್ಗೆ ಗಾಡಿ ಹತ್ತುವಾಗ ಮಹಾದೇವಿಯ ಅತ್ತೆ ಬಾಗಿಲಿಗೆ ಬಂದರು. ಸೊಸೆಯ ಹೊಟ್ಟೆ ನೆಟ್ಟಗಾಗಲಿ ಎಂದು ಘತ್ತರಗಿಯ ಭಾಗ್ಯವಂತಿ ದೇವಿಗೆ ಹರಕೆ ಹೊತ್ತು, ಹಿಂದಿನ ದಿನ ತಾವೇ ಹೋಗಿ ಬಂದಿದ್ದರು. ಬಾಳೆಹಣ್ಣು, ಸಕ್ಕರೆ, ಕೊಬ್ಬರಿ ಕಲಸಿದ ಪ್ರಸಾದವನ್ನು ಒಬ್ಬೊಬ್ಬರ ಅಂಗೈಗೆ ಇಟ್ಟರು. ಸೊಸೆಗೆ ಒಂದು ಹಿಡಿ ಜಾಸ್ತಿ. "ತಗೋ ಬೇ, ನಿನ್ನ ಸಲುವಾಗೇ ಬೇಡಕೊಂಡೇನಿ." ಮಹಾದೇವಿ ಕಣ್ಣಿಗೊತ್ತಿಕೊಂಡಳು, ಬಾಯಿಗೆ ಹಾಕಿಕೊಂಡಳು. ನಾನೂ ತಿಂದೆ. ತಂಗಿಯ ಬಾಯಿ ಅಲ್ಲಾಡುವುದನ್ನು ಎದುರಿಗೇ ನೋಡಿದೆ. ಕಾವಲುಗಾತಿಗೆ ಏನೂ ಅನ್ನಿಸಲಿಲ್ಲ.

ಯಾಕೆಂದರೆ ನಮ್ಮ ಕಡೆ ಪ್ರಸಾದ ತಿನ್ನುವ ವಸ್ತುವಲ್ಲ. ತೆಗೆದುಕೊಳ್ಳುವ ವಸ್ತು. ಉಪವಾಸ ಅದರಿಂದ ಮುರಿಯುವುದಿಲ್ಲ, ಬೇಡ ಅನ್ನುವ ಮಾತೇ ಇಲ್ಲ. ಮೇಲಾಗಿ ಅವಳ ಹೊಟ್ಟೆಯ ಸಲುವಾಗಿ ಆ ಮನೆಯಲ್ಲಿ ಯಾರಾದರೂ ತಾವಾಗಿಯೇ ಏನಾದರೂ ಮಾಡಿದ್ದು ಅದೊಂದೇ. ಅದನ್ನು ಹೇಗೆ ಬೇಡ ಅಂದಾಳು?

ಡಾಕ್ಟರ್ ಬೈಯಲಿಲ್ಲ. ಇಂದಿನ ಪರೀಕ್ಷೆ ನಡೆಯುವುದಿಲ್ಲ ಎಂದರು, ಮುಂದಿನ ಮಂಗಳವಾರ ಬರಲು ಹೇಳಿದರು. ನಮಗೆ ಇನ್ನೊಂದು ಮಾತೂ ಹೇಳಿದರು. ಈ ಪರೀಕ್ಷೆಯಲ್ಲಿ ಏನೂ ಕಾಣದಿದ್ದರೆ ಕಾಯಿಲೆಯೇ ಇಲ್ಲ ಎಂದು ಅರ್ಥವಲ್ಲ, ಬೇರೆ ದಾರಿಯಲ್ಲಿ ಹುಡುಕಬೇಕು ಅಷ್ಟೇ.

ವಾಪಸು ಬರುವಾಗ ಸಿದ್ರಾಮಪ್ಪ ಮುಂದಿನ ಸೀಟಿನಿಂದ ನಕ್ಕ. "ಭಾಗ್ಯವಂತಿ ತಾಯಿನೇ ಅಡ್ಡ ಬಂದಾಳ. ಆಕಿಗೂ ಗೊತ್ತು, ಇದೆಲ್ಲ ಖಾಲಿಪೀಲಿ ನಾಟಕ ಅಂತ."

ಅಕ್ಕಲಕೋಟ ದಾಟಿದ ಮೇಲೆ ಮಹಾದೇವಿ ಗಾಡಿ ನಿಲ್ಲಿಸು ಅಂದಳು. ಆ ರಸ್ತೆಯಲ್ಲಿ ಹೆಣ್ಣುಮಕ್ಕಳಿಗೆ ತೊಗರಿ ಹೊಲವೇ ಗತಿ. ನಾನು ಶಾಲು ಹಿಡಿದು ಬದುವಿನ ಮೇಲೆ ನಿಂತೆ. ಬಹಳ ಹೊತ್ತಾಯಿತು. ಶಾಲಿನ ಆ ಕಡೆಯಿಂದ ಅವಳ ದನಿ ಬಂತು.

"ಅಕ್ಕ, ನಾ ಮತ್ತ ಬರಂಗಿಲ್ಲ."

"ಯಾಕ ಬೇ? ಒಂದು ವಾರದ ಮಾತು."

"ಇವತ್ತು ತಪ್ಪಿದ್ದು ಛಲೋ ಆತು. ಖರೇನೇ ನಡೆದು, ಏನೂ ಇಲ್ಲ ಅಂತ ಬಂದಿದ್ರ?"

"ಬಂದ್ರೇನಾತು? ಡಾಕ್ಟರ್ ಹೇಳಿಲ್ಲೇನು, ಬ್ಯಾರೆ ಹುಡುಕತಾರ."

"ಅದು ನಿನಗ ತಿಳೀತದ. ಇವರಿಗಿ? ಈಗರೆ ನನಗ 'ಇರಬಹುದು' ಅನ್ನೂದೊಂದು ಅದ. ಅದೂ ಹೋತಂದ್ರ, ನೋವು ಬಂದಾಗ ನಾ ಯಾರ ಮುಂದ ಹೇಳ್ಲಿ?"

ನನ್ನ ಮುಂದೆ ಹೇಳು ಅನ್ನಬಹುದಿತ್ತು. ಆದರೆ ನಾನಿರುವುದು ಆಳಂದದಲ್ಲಿ. ನೋವು ಬರುವುದು ಅವಳ ಅಡುಗೆಮನೆಯಲ್ಲಿ.

ಯೋಚಿಸಿ ನೋಡಿ. ಪರೀಕ್ಷೆ ಎಂದರೆ ರೋಗವನ್ನು ಹುಡುಕುವ ದಾರಿ. ನಾವು ಅದನ್ನು ಕೋರ್ಟು ಮಾಡಿಟ್ಟಿದ್ದೇವೆ. ನೋವು ತಿನ್ನುವವಳೇ ಅಲ್ಲಿ ಆರೋಪಿ. ಸಾಬೀತು ಮಾಡಿದರೆ ಔಷಧ, ಮಾಡಲಾಗದಿದ್ದರೆ ಬಾಯಿ ಮುಚ್ಚಬೇಕು. ಇಂಥ ಷರತ್ತಿಗೆ ಒಪ್ಪಿ ಕೊಳವೆಗೆ ಬಾಯಿಡಲು ಎಷ್ಟು ಜನರಿಗೆ ಧೈರ್ಯ ಬಂದೀತು?

ಮಂಗಳವಾರ ಬೆಳಿಗ್ಗೆ ನಾನು ಗಾಡಿ ತೆಗೆದುಕೊಂಡು ಅಫಜಲಪುರಕ್ಕೆ ಹೋದೆ. ಹೇಳಿಯೇ ಹೋಗಿದ್ದೆ. ಮಹಾದೇವಿ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಳು. ಪಕ್ಕದಲ್ಲಿ ಅರ್ಧ ಕುಡಿದ ಚಹಾದ ಬಟ್ಟಲು. ಬೇಕೆಂದೇ ಕುಡಿದಿದ್ದಳು. ಇನ್ನು ಒತ್ತಾಯ ಮಾಡುವಂತಿರಲಿಲ್ಲ.

ಅತ್ತೆ ಮೂಲೆಯಲ್ಲಿ ಕುಳಿತಿದ್ದರು. "ನನ್ನ ಕೈ ಪ್ರಸಾದಲಿಂದ ಹಿಂಗಾತು," ಎಂದು ಮೆತ್ತಗೆ ಅಂದರು. ಮಹಾದೇವಿ ಒಂದು ಬಿಸಿ ರೊಟ್ಟಿ ಅವರ ತಾಟಿಗೆ ಹಾಕಿದಳು. ನನ್ನ ಕಡೆ ನೋಡಲಿಲ್ಲ.

ಸಿದ್ರಾಮಪ್ಪ ನನ್ನನ್ನು ಗಾಡಿಯವರೆಗೆ ಕಳಿಸಲು ಬಂದ. ಮರ್ಯಾದೆಗೆ ಅವನಲ್ಲಿ ಕೊರತೆಯಿಲ್ಲ. ಬಾಗಿಲು ತೆಗೆದು ಹಿಡಿದು ಸಮಾಧಾನದ ದನಿಯಲ್ಲಿ ಹೇಳಿದ, "ಬಿಡ್ರಿ ಅಕ್ಕೋರೆ, ಮನಸಿಗಿ ಹಚ್ಚಕೋಬ್ಯಾಡ್ರಿ. ಖರೇನೇ ಬ್ಯಾನಿ ಇದ್ದವರು ಪರೀಕ್ಷಾಕ್ಕ ಒಲ್ಲೆ ಅಂತಾರೇನ್ರಿ?"

ಪರೀಕ್ಷೆಗೆ ಬಾರದೇ ಇದ್ದುದನ್ನೂ ನೋವಿಲ್ಲ ಎಂಬುದಕ್ಕೆ ಪುರಾವೆ ಮಾಡಿಕೊಂಡವರ ಮುಂದೆ, ಅವಳು ಸೋಲಾಪುರದಿಂದ ಏನು ತಂದಿಟ್ಟರೆ ಸಾಕಾಗುತ್ತಿತ್ತು?