ಮೊಳೆಯಿಂದ ಇಳಿದ ಡಿಗ್ರಿ

ಫ್ರೇಮು ಹಾಕಿಸಿದ ನನ್ನ ಕಂಪ್ಯೂಟರ್ ಡಿಗ್ರಿ ಆಳಂದದ ನಮ್ಮ ಮನೆಯ ಪಡಸಾಲೆಯಲ್ಲಿ, ಮೂವತ್ತು ವರ್ಷಕ್ಕೂ ಮಿಕ್ಕಿ, ಒಂದೇ ಮೊಳೆಗೆ ನಿಷ್ಠವಾಗಿತ್ತು. ಅದರ ಬಲದಿಂದ ಜೇವರ್ಗಿಯ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತನಾದೆ. ನಾನು ಕಲಿತ ಯಂತ್ರಗಳು ನನಗಿಂತ ಎಷ್ಟೋ ಮೊದಲೇ ನಿವೃತ್ತವಾಗಿದ್ದವು. ಡಿಗ್ರಿ ಮಾತ್ರ ಕದಲಿರಲಿಲ್ಲ.

ಅದನ್ನು ಕದಲಿಸಿದವಳು ತಂಗಿಯ ಮಗಳು. ಅಫಜಲಪುರದಲ್ಲಿ ಬಿ.ಎಸ್ಸಿ. ಅರ್ಧಕ್ಕೆ ಬಿಟ್ಟು, ಮೊಬೈಲಿನಲ್ಲೇ ಪಾಠ ನೋಡಿ ಕ್ಲೌಡ್ ಕಂಪ್ಯೂಟಿಂಗ್ ಕಲಿತಿದ್ದಳು. ಕಲಬುರಗಿಯ ಕಂಪನಿಯೊಂದು, ಡಿಗ್ರಿ ಇಲ್ಲದಿದ್ದರೂ ನಡೆಯುತ್ತದೆ, ಸೋಮವಾರದೊಳಗೆ ಸರ್ಟಿಫಿಕೇಟ್ ತಂದರೆ ಕೆಲಸ ಎಂದಿತ್ತು. ಆನ್‌ಲೈನ್ ಪರೀಕ್ಷೆ, ಎಲ್ಲೋ ಕೂತವನೊಬ್ಬ ಕ್ಯಾಮೆರಾದಲ್ಲಿ ಕಾವಲು ಕಾಯುತ್ತಾನೆ. ನಮ್ಮಲ್ಲಿ ಇಂಟರ್‌ನೆಟ್ ಚಲೋ ಇದೆಯೆಂದು ಶನಿವಾರ ಬಂದಳು.

"ಮಾಮಾ, ಗ್ವಾಡಿ ಮ್ಯಾಲ ಅಕ್ಷರ ಇರಬಾರದಂತ್ರಿ. ಇದನ್ನ ತೆಗೀಬೇಕು."

"ಅದು ಡಿಗ್ರಿ ಅದಬೇ! ಅದನ್ನ ನೋಡಿ ಕಾಪಿ ಹೊಡೀತಿ ಅಂತಾರೇನ್?"

"ಅದ್ರಾಗ ಕಾಪಿ ಹೊಡಿಯೋವಂಥದ್ದು ಏನೂ ಇಲ್ಲಂತ ಅವ್ರಿಗೇನ್ ಗೊತ್ರಿ?"

ಇಳಿಸಿದೆ. ಎರಡನೆಯ ನಿಯಮ ಇನ್ನೂ ಕಠಿಣ: ಒಂದು ತಾಸು ಯಾರೂ ಒಳಗೆ ಬರಬಾರದು, ಹೊರಗಿನ ಮಾತು ಕೇಳಿಸಿದರೂ ಪರೀಕ್ಷೆ ರದ್ದು. ಅವಳು ತಲಬಾಗಿಲಿಗೆ ಒಳಚಿಲಕ ಹಾಕಿಕೊಂಡಳು. ನಾನು ಹೊರಗಿನ ಕಟ್ಟೆಯ ಮೇಲೆ, ಬಿಸಿಲಿಗೆ ಅಕ್ಷರ ಮಾಸದಿರಲೆಂದು ಫ್ರೇಮಿನ ಮುಖವನ್ನು ಎದೆಗೊತ್ತಿಕೊಂಡು ಕಾವಲು ಕೂತೆ.

ನಮ್ಮ ಓಣಿಯಲ್ಲಿ ಹಗಲು ಹೊತ್ತು ಯಾರೂ ತಲಬಾಗಿಲು ಹಾಕುವುದಿಲ್ಲ. ಹಾಕಿದರೆ ಮನೆಯಲ್ಲಿ ಏನೋ ಕೆಟ್ಟದ್ದಾಗಿದೆ ಎಂದೇ ಅರ್ಥ. ಹುಟ್ಟಿದಾಗಿನಿಂದ ಪಾಲಿಸಿದ ಪದ್ಧತಿ ನನಗೆ ಅಂದೇ ಮರೆತುಹೋಗಬೇಕೆ!

ಮೊದಲು ನೋಡಿದವರು ಎದುರುಮನೆಯ ತೊಗರಿ ವ್ಯಾಪಾರಿ. ಮುಚ್ಚಿದ ಬಾಗಿಲು, ಎದೆಗವಚಿದ ಫ್ರೇಮು, ನನ್ನ ಮುಖದ ಗಾಂಭೀರ್ಯ.

"ಯಾವಾಗ ಆತ್ರಿ, ಮಾಸ್ತರ್ರಿ?"

ತುಟಿಯ ಮೇಲೆ ಬೆರಳಿಟ್ಟೆ.

"ಅಯ್ಯೋ, ಮುಂಜಾನಿ ಅಂಗಳ ಕಸ ಹೊಡಿಯುವಾಗ ಚಲೋ ಇದ್ರಲ್ರಿ ವೈನಿ!" ಎಂದು ಪಿಸುಗುಟ್ಟಿದರು.

ಹೆಂಡತಿ ಕಾಯಿಪಲ್ಲೆ ತರಲು ಹೋಗಿದ್ದಳು. ಅದನ್ನು ಹೇಳಲು ಬಾಯಿ ತೆರೆದರೆ ಹುಡುಗಿಯ ನೌಕರಿ ಹೋಗುತ್ತದೆ. ಹೆಂಡತಿ ಹೇಗೂ ಒಂದು ತಾಸಿನಲ್ಲಿ ಬದುಕಿ ಬರುವವಳೇ ಎಂದು ಸುಮ್ಮನಾದೆ.

ಹತ್ತು ನಿಮಿಷದಲ್ಲಿ ಓಣಿ ನೆರೆಯಿತು. ಪಕ್ಕದ ಮನೆಯ ಹಿರಿಯಾಕೆ ಕಾಕು ಅಳಲು ಬಾಯಿ ತೆರೆದಾಗ ಹೆಗಲ ಟವೆಲ್ ಮುಂದೊಡ್ಡಿದೆ; ಅದನ್ನು ಬಾಯಿಗೊತ್ತಿಕೊಂಡು ಅತ್ತರು. ಅಷ್ಟು ಸದ್ದಿಲ್ಲದ ದುಃಖವನ್ನು ಆಳಂದ ಹಿಂದೆ ಕಂಡಿರಲಾರದು. ವ್ಯಾಪಾರಿ ಹೋಗಿ ಸೇವಂತಿಗೆ ಹಾರ ತಂದರು.

ಕೊನೆಗೆ ಮೆಂತ್ಯದ ಸೊಪ್ಪಿನ ಚೀಲ ಹಿಡಿದು ನನ್ನ ಹೆಂಡತಿ ಬಂದಳು. ಗುಂಪು ನೋಡಿ, ಬಾಯಿಗೆ ಸೆರಗಿಟ್ಟುಕೊಂಡು, ಕಾಕುವಿನ ಪಕ್ಕದಲ್ಲೇ ಕೂತು ಪಿಸುಗುಟ್ಟಿದಳು: "ಯಾರು ಹೋದ್ರಿ, ಕಾಕು?"

ಕಾಕು ತಿರುಗಿ ನೋಡಿದರು. ಟವೆಲ್ ಕೆಳಗೆ ಬಿತ್ತು. ಉಸಿರು ಒಳಗೆಳೆದುಕೊಂಡರು. ನಾನು ಕಣ್ಣು ಮುಚ್ಚಿದೆ.

ಚಿಲಕ ಸರಿಯಿತು. "ಮಾಮಾ, ಪಾಸ್!"

ಆಮೇಲೆ ಕಾಕು ಕಿರುಚಿದರು. ಇನ್ನು ಅಡ್ಡಿಯಿರಲಿಲ್ಲ.

ಎಲ್ಲವನ್ನೂ ವಿವರಿಸಿದ ಮೇಲೆ ವ್ಯಾಪಾರಿ ಮುಖ ಗಂಟಿಕ್ಕಿಕೊಂಡರು. "ಈ ಹಾರ ಏನ್ ಮಾಡ್ಲಿ? ಇಂಥಾದ್ದು ಹೊಳ್ಳಿ ಮನಿಗಿ ಒಯ್ಯಬಾರದ್ರಿ."

"ನನಗಂತೂ ಬ್ಯಾಡ್ರಿ," ಎಂದಳು ಹೆಂಡತಿ.

ಹುಡುಗಿ ಮೊಬೈಲಿನಲ್ಲಿ ಸರ್ಟಿಫಿಕೇಟ್ ತೋರಿಸಿದಳು. ಅದರ ಮುದ್ದತು ಮೂರೇ ವರ್ಷ. ಆಮೇಲೆ ಮತ್ತೆ ಪರೀಕ್ಷೆ.

"ನನ್ನದಕ್ಕ ಮುದ್ದತೇ ಇಲ್ಲ," ಎಂದೆ.

ಹುಡುಗಿ ನನ್ನ ಕೈಯಿಂದ ಫ್ರೇಮು ತೆಗೆದುಕೊಂಡು, ಒರೆಸಿ, ಅದೇ ಮೊಳೆಗೆ ತೂಗುಹಾಕಿ, ವ್ಯಾಪಾರಿಯ ಕೈಯಲ್ಲಿದ್ದ ಹಾರವನ್ನು ಅದಕ್ಕೆ ಹಾಕಿದಳು. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಹೆಂಡತಿ ಊದಿನಕಡ್ಡಿ ಹುಡುಕಲು ಒಳಗೆ ಹೋದಳು.