ಕಾಲರಿನೊಳಗಿನ ಹಾಡು

ಈ ಬೆಳಿಗ್ಗೆ ಒಂದು ಅಂಗಿಯ ಕಾಲರನ್ನು ತಿರುವಿ ಹೊಲಿಗೆ ನೋಡುತ್ತಿದ್ದೆ. ಒಳಮಗ್ಗುಲಲ್ಲಿ ನೀಲಿ ಚಾಕ್‌ಪೀಸಿನ ಸಾಲು: ‘ದೊಡ್ಡೋಳಾಗು ಅಂತಾರೆ ಎಲ್ರೂ, ಅಳತೆ ಮಾತ್ರ ಯಾರೂ ಕೊಡಲ್ಲ.’ ಅಕ್ಷರ ಹೊಸ ಹುಡುಗಿ ಕಾವ್ಯಳದು. ಅಳಿಸಬೇಕಾದವಳು ನಾನು, ಈ ಲೈನಿನ ಸೂಪರ್‌ವೈಸರ್. ಬಟ್ಟೆಯ ಮೇಲೆ ಗೀಚುವವರನ್ನು ಕೆಲಸದಿಂದ ತೆಗೆಯುತ್ತೇನೆಂದು ಮ್ಯಾನೇಜರು ಸೋಮವಾರವಷ್ಟೇ ಹೇಳಿದ್ದರು.

ನಿಮಗೆ ಹೇಳಿದರೆ ನಗುತ್ತೀರಿ, ಪೀಣ್ಯದ ಈ ಗಾರ್ಮೆಂಟ್ಸಿನಲ್ಲಿ ಆ ಚಾಳಿ ಶುರುಮಾಡಿದ್ದೇ ನಾನು ಮತ್ತು ರತ್ನ. ಆಗ ನಾನು ಕಾಲರ್ ಹೊಲಿಯುತ್ತಿದ್ದೆ, ಯಾದಗಿರಿ ಕಡೆಯ ರತ್ನ ಎರಡು ಮಿಷನ್ ಆಚೆ ತೋಳು ಕೂಡಿಸುತ್ತಿದ್ದಳು. ಆ ಸದ್ದಿನಲ್ಲಿ ಹಾಡಿದರೆ ಕೇಳುವುದಿಲ್ಲ, ಮಾತಾಡಿದರೆ ಬೈಗುಳ. ಹಾಗಾಗಿ ನಾನೊಂದು ಸಾಲು ಬರೆದು ಮುಂದೆ ತಳ್ಳುತ್ತಿದ್ದೆ, ಅವಳು ಇನ್ನೊಂದು ಸೇರಿಸುತ್ತಿದ್ದಳು. ಅದು ಬಿಸಿಗೆ ಕರಗುವ ಚಾಕ್‌ಪೀಸು, ಇಸ್ತ್ರಿ ತಾಗಿದೊಡನೆ ಹಾಡು ಮಾಯ. ಡೈರಿ ಹುಚ್ಚಿನ ನಾನು ಮಾತ್ರ ತಾರೀಖು ಹಾಕಿ ಬರೆದಿಟ್ಟುಕೊಳ್ಳುತ್ತಿದ್ದೆ, ಮುಂದೆ ಯಾರೋ ಹುಡುಕಿಕೊಂಡು ಬರುತ್ತಾರೆ ಎಂಬಂತೆ.

ಹತ್ತೊಂಬತ್ತರ ವಯಸ್ಸಿನಲ್ಲಿ ‘ಸಂಬಳ ಬರಲಿ, ಕೆಂಪು ಗಾಡಿ ಓಡಿಸ್ತೀನಿ’ ಎಂದು ಬರೆದವಳು ನಾನು. ಇಪ್ಪತ್ತಮೂರರಲ್ಲಿ ‘ಗಾಡಿ ಬಂತು, ಹಿಂದಿನ ಸೀಟಲ್ಲಿ ಗ್ಯಾಸ್ ಸಿಲಿಂಡರ್ ಕೂತಿತು’ ಎಂದೂ ಬರೆದೆ. ರತ್ನ ಅದರ ಕೆಳಗೆ, ‘ಕುಂತ್ರ ಕುಂದ್ರಲಿ ಬಿಡು, ಹ್ಯಾಂಡಲ್ ನಿನ್ನ ಕೈಯಾಗೇ ಅದ’ ಎಂದು ಸೇರಿಸಿದಳು.

ಇಷ್ಟೆಲ್ಲ ಅಳಿಸಿಹೋಗುತ್ತದಲ್ಲ ಎಂದು ಒಮ್ಮೆ ನಾನು ಬೇಜಾರು ಮಾಡಿಕೊಂಡಾಗ ಅವಳು ನಕ್ಕಿದ್ದಳು. “ಹೋಗ್ಲಿ ಬಿಡವ್ವ. ನಾಳೆ ಮತ್ತ ಬರೀತೀವಿ. ಅವ್ರ ಹತ್ರ ಎಷ್ಟ್ ಇಸ್ತ್ರಿ ಪೆಟ್ಟಿಗಿ ಅವ, ನೋಡೇಬಿಡಮು.”

ಮದುವೆಯಾಗಿ ರತ್ನ ವರ್ತೂರಿಗೆ ಹೋದಳು. ನನಗೆ ಬಡ್ತಿ ಬಂತು. ಅಲ್ಲಿಂದೀಚೆಗೆ ನನ್ನ ಚಾಕ್‌ಪೀಸು ಬೇರೆಯವರ ತಪ್ಪುಗಳಿಗೆ ಗುರುತು ಹಾಕಿದ್ದೇ ಹೆಚ್ಚು.

ಈ ಬೆಳಿಗ್ಗೆ ನಾನು ಆ ಕಾಲರು ಹಿಡಿದಿದ್ದಾಗ ಕಾವ್ಯ ತಲೆ ಎತ್ತಿರಲಿಲ್ಲ, ಆದರೆ ಅವಳ ಮಿಷನ್ ನಿಂತಿತ್ತು. ಅವಳ ಸಾಲಿನ ಕೆಳಗೆ ನಾನು ಬರೆದೆ: ‘ಕೇಳಬೇಡ ಅಳತೆ, ಬಟ್ಟೆ ನಿಂದು, ಕತ್ತರಿ ನಿಂದು.’ ಅಷ್ಟರಲ್ಲಿ ಮ್ಯಾನೇಜರು ಬಂದು ಕಾಲರನ್ನು ಕೈಗೆತ್ತಿಕೊಂಡರು.

“ಯಾರ್ದಮ್ಮ ಇದು?”

“ನಂದೇ ಸಾರ್. ಇಸ್ತ್ರಿ ಮಾಡಿದ್ರೆ ಹೋಗುತ್ತೆ, ಮಾಲಿಗೇನೂ ಆಗಲ್ಲ.”

“ಎರಡು ಥರ ಅಕ್ಷರ ಇದೆ?”

“ಎರಡೂ ನಂದೇ. ತೆಗೆಯೋದಾದ್ರೆ ನನ್ನ ತೆಗೀರಿ. ಇವತ್ತಿನ ಟಾರ್ಗೆಟ್ ಯಾರ ಹತ್ರ ಮಾಡಿಸ್ತೀರೋ ಅದನ್ನೂ ಹೇಳ್ಬಿಡಿ.”

ಅವರು ಗೋಡೆಯ ಟಾರ್ಗೆಟ್ ಬೋರ್ಡು ನೋಡಿದರು, ಗಡಿಯಾರ ನೋಡಿದರು. ಸಂಜೆ ಆಫೀಸಿಗೆ ಬಾ ಎಂದು ಹೋದರು.

ಹೋಗುತ್ತೇನೆ. ಹೇಳಿದ ಮಾತನ್ನು ಅಲ್ಲೂ ಬದಲಿಸುವುದಿಲ್ಲ. ಆದರೆ ಊಟದ ಬೆಲ್ಲಿಗೆ ಮುಂಚೆಯೇ ಅಂಗಿಗಳ ಇನ್ನೊಂದು ಕಟ್ಟು ನನ್ನ ಮೇಜಿಗೆ ಬಂತು. ಬಿಚ್ಚಿದರೆ ಮೇಲಿನ ಕಾಲರಿನಲ್ಲಿ ಮೂರನೆಯ ಸಾಲು ಕಾದಿತ್ತು. ಅಕ್ಷರ ನನ್ನದೂ ಅಲ್ಲ, ಕಾವ್ಯಳದೂ ಅಲ್ಲ.

ತಾರೀಖು ಹಾಕಿ ಬರೆದುಕೊಂಡೆ. ಕಟ್ಟನ್ನು ಹಾಗೆಯೇ ಮುಂದೆ ತಳ್ಳಿದೆ.